ಸುಣ್ಣದ ನೀರು, ಲ್ಯಾಂಡಿಯ ಮಶೀನು

ನಮ್ಮ ಉಮಾನ್ ಊರಿನ ನೀರು ನೋಡುವುದಕ್ಕೆ ತಿಳಿಯಾಗಿಯೇ ಇದೆ. ಅದರ ಗುಣ ಗೊತ್ತಾಗಬೇಕಾದರೆ ಅದರ ಜೊತೆ ಸಂಸಾರ ಮಾಡಬೇಕು. ಊರಿನ ಕೆಳಗೆಲ್ಲ ಸುಣ್ಣಕಲ್ಲು. ಬಾವಿಯಿಂದ ಸೇದಿದರೂ ಅದೇ ನೀರು, ಕೊಳಾಯಿ ತಿರುಗಿಸಿದರೂ ಅದೇ ನೀರು. ಸಾಬೂನು ನೊರೆ ಬಿಡುವುದಿಲ್ಲ, ಪ್ರತಿ ಸೋಮವಾರ ಹಂದಿಮಾಂಸದ ಜೊತೆ ಬೇಯಿಸುವ ಬೀನ್ಸ್ ಕಾಳು ಮಧ್ಯಾಹ್ನ ಕಳೆದರೂ ಬೇಯುವುದಿಲ್ಲ, ಒಗೆದ ಬಟ್ಟೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಹೊರಗಿನಿಂದ ಬಂದವರು ಇದನ್ನೆಲ್ಲ ದೂರುತ್ತಾರೆ. ನಾವು ದೂರುವುದಿಲ್ಲ. ಕೊಳಾಯಿಯ ಮೂತಿಗೆ ಸುಣ್ಣ ಕಟ್ಟಿದರೆ ಚಾಕುವಿನಿಂದ ಕೆರೆದು ಮುಂದಿನ ಕೆಲಸ ನೋಡುತ್ತೇವೆ.

ಈ ನೀರಿನಲ್ಲಿ ಲ್ಯಾಂಡಿ ತ್ಸೂಕ್ ತನ್ನ ಎರಡು ಕೈಗಳನ್ನು ಚಿಕ್ಕಂದಿನಿಂದ ಅದ್ದಿದ್ದಳು. ಈಗ ಅವಳ ವಯಸ್ಸು ಅರುವತ್ತರ ಹತ್ತಿರ. ಮಾರುಕಟ್ಟೆಯ ಹಿಂದಿನ ಊಟದ ಮನೆಯಲ್ಲಿ ಪಾತ್ರೆ ತೊಳೆಯುವುದು ಅವಳ ಕೆಲಸವಾಗಿತ್ತು. ಅಲ್ಲಿಂದ ಮನೆಗೆ ಬಂದರೆ ಮನೆಯ ಪಾತ್ರೆ. ಕೆಲಸ ಕಲಿಸಿದವಳು ಅವಳ ತಾಯಿ ಬಾಸಿಲಿಯಾ. ನೂಲಿನಂತೆ ಸೀರೆ ಎನ್ನುವ ಮಾತು ಒಮ್ಮೊಮ್ಮೆ ಆಶೀರ್ವಾದ, ಒಮ್ಮೊಮ್ಮೆ ಶಾಪ. ಇವರ ವಿಷಯದಲ್ಲಿ ಯಾವುದೆಂದು ಹೇಳುವುದು ಕಷ್ಟ.

ಬಾಸಿಲಿಯಾ ಇಲ್ಲದೆ ಉಮಾನಿನಲ್ಲಿ ಮದುವೆ ನಡೆಯುತ್ತಿರಲಿಲ್ಲ. ನಡೆಯುತ್ತಿರಲಿಲ್ಲ ಎಂದರೆ, ಊಟವಾದ ಮೇಲೆ ಗುಡ್ಡೆ ಬೀಳುವ ಪಾತ್ರೆಗೆ ಜನ ಬೇಕಲ್ಲ, ಅದಕ್ಕೆ ಅವಳು. ನಾಮಕರಣ, ಮದುವೆ, ಸತ್ತವರ ಮನೆಯ ಒಂಬತ್ತು ದಿನದ ಪ್ರಾರ್ಥನೆ, ಎಲ್ಲಕ್ಕೂ ಹಿತ್ತಿಲ ಬಾಗಿಲಿನಿಂದ ಕರೆ ಬರುತ್ತಿತ್ತು. ಕಲ್ಲಿನ ತೊಟ್ಟಿಯ ಮುಂದೆ ನಿಂತು, ಕತ್ತಾಳೆ ನಾರಿನ ಉಂಡೆಯಿಂದ ತಪ್ಪಲೆಗಳನ್ನು ತಿಕ್ಕುತ್ತಿದ್ದಳು. ಅವಳ ಊಟವೂ ಅಲ್ಲೇ. ಯಾರೋ ಒಂದು ತಟ್ಟೆಯಲ್ಲಿ ಉಳಿದದ್ದನ್ನು ಹಾಕಿ ತೊಟ್ಟಿಯ ಅಂಚಿಗೆ ಇಟ್ಟು ಹೋಗುತ್ತಿದ್ದರು. ಅವಳು ನಿಂತೇ ಎರಡು ತುತ್ತು ತಿಂದು, ಆ ತಟ್ಟೆಯನ್ನೂ ತೊಳೆದಿಡುತ್ತಿದ್ದಳು. ತಾಯಿ ಕೂತು ಉಂಡದ್ದನ್ನು ಲ್ಯಾಂಡಿ ನೋಡಿದ ನೆನಪಿಲ್ಲ. "ಕೂತ್ಕೋ ಅಮ್ಮ" ಎಂದರೆ, "ಕೂತ್ರೆ ಎದ್ದೇಳೋಕೆ ಮನಸ್ಸಾಗಲ್ಲ ಕಣೇ" ಎನ್ನುತ್ತಿದ್ದಳು.

ಕೊನೆಗಾಲದಲ್ಲಿ ಅವಳು ಲ್ಯಾಂಡಿಯ ಅಡುಗೆಮನೆಯ ಮೂಲೆಯಲ್ಲಿ ನೂಲಿನ ಜೋಲಿ ಕಟ್ಟಿಸಿಕೊಂಡು ಮಲಗಿದ್ದಳು. ಮಾತು ನಿಂತಿತ್ತು, ಕಣ್ಣು ಮುಚ್ಚಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಬಲಗೈ ಎದೆಯ ಮೇಲೆ ಗುಂಡಗೆ ತಿರುಗುತ್ತಲೇ ಇತ್ತು. ಪಾದ್ರಿ ಅದನ್ನು ಜಪಮಾಲೆ ಎಣಿಸುವ ಕೈ ಎಂದುಕೊಂಡ. ಲ್ಯಾಂಡಿಗೆ ಗೊತ್ತಿತ್ತು, ಅಮ್ಮ ತಪ್ಪಲೆ ತಿಕ್ಕುತ್ತಿದ್ದಳು. ಆ ಕೈಯನ್ನು ಹಿಡಿದು ನಿಲ್ಲಿಸಲು ಹೋದಳು, ಆಗಲಿಲ್ಲ. ಅದು ನಿಂತಾಗ ಬಾಸಿಲಿಯಾ ತೀರಿಕೊಂಡಿದ್ದಳು.

ಅದಾದ ಮೇಲೆ ಲ್ಯಾಂಡಿಯ ಕೈಗಳೂ ಸೋತವು. ಬೆರಳ ಸಂದುಗಳು ಬಿರಿದು ರಕ್ತ ಒಸರತೊಡಗಿತು. ರಾತ್ರಿ ಉರಿ, ಹಗಲು ತುರಿಕೆ. ಆಸ್ಪತ್ರೆಯ ಡಾಕ್ಟರಮ್ಮ ನೋಡಿ, "ಇನ್ನು ನೀರು, ಸಾಬೂನು ಮುಟ್ಟಬೇಡಿ" ಎಂದಳು. ರಬ್ಬರಿನ ಕೈಗವಸು ಹಾಕಿದರೆ ನಮ್ಮ ಸೆಕೆಗೆ ಒಳಗೆ ಬೆವರಿ ಇನ್ನಷ್ಟು ಕೊಳೆಯಿತು. ಊಟದ ಮನೆಯ ಕೆಲಸ ಬಿಟ್ಟದ್ದಾಯಿತು. ಆದರೆ ಮನೆಯ ಪಾತ್ರೆಗೆ ಡಾಕ್ಟರಮ್ಮನ ಮಾತು ಹೇಗೆ ತಿಳಿಯಬೇಕು?

ಅವಳ ಗಂಡ ಗಾಸ್ಪಾರ್ ಮೋಟಾರು ರಿಕ್ಷಾ ಓಡಿಸುವವನು, ಒಳ್ಳೆಯ ಮನಸ್ಸಿನವನು. ಕೆಲವು ದಿನ ಅವನೇ ತೊಳೆದ. ಅವನು ತೊಳೆದಿಟ್ಟ ತಟ್ಟೆಯ ಮೇಲೆ ಹಿಂದಿನ ದಿನದ ಊಟ ಏನೆಂದು ಓದಬಹುದಾಗಿತ್ತು. ಲ್ಯಾಂಡಿ ಅವನಿಗೆ ಕಾಣದ ಹಾಗೆ ಮತ್ತೊಮ್ಮೆ ತೊಳೆಯುತ್ತಿದ್ದಳು. ಅವನಿಗೆ ಕಾಣುತ್ತಿತ್ತು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಹೀಗಿರುವಾಗ ಲ್ಯಾಂಡಿಯ ತಂಗಿ ಎಲ್ಸಿ ಒಂದು ದಿನ ಟೆಂಪೋದಲ್ಲಿ ಮಶೀನು ತಂದು ಬಾಗಿಲಲ್ಲಿ ಇಳಿಸಿದಳು. ಎಲ್ಸಿ ಮೆರಿದಾ ಪಟ್ಟಣದಲ್ಲಿ ಒಬ್ಬ ವಿದೇಶಿ ಹೆಂಗಸಿನ ಮನೆಗೆಲಸಕ್ಕಿದ್ದಳು. ಆ ಹೆಂಗಸು ಮನೆ ಮಾರಿ ತನ್ನ ದೇಶಕ್ಕೆ ಹೊರಟಿದ್ದಳು.

"ಪಾತ್ರೆ ತೊಳೆಯೋ ಮಶೀನು ಅಕ್ಕ. ತಗೊಂಡೋಗು ಅಂದ್ಲು. ತಂದೆ."

"ನನಗ್ಯಾಕೇ ಇದು? ಇಡೋಕೆ ಜಾಗ ಎಲ್ಲಿದೆ?"

"ಅಮ್ಮನ ಜೋಲಿ ಇದ್ದ ಮೂಲೆ ಖಾಲಿ ಇದ್ಯಲ್ಲ."

ಗಾಸ್ಪಾರ್ ಮಶೀನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲು ತೆಗೆದು, ಮುಚ್ಚಿ, "ಆ ಮೂಲೆಗೆ ಇನ್ನೊಬ್ಬ ಅತ್ತೆ ಬಂದಂಗಾಯ್ತು" ಎಂದ.

"ನಿನ್ನ ಬಾಯಿಗಿಷ್ಟು ಬೆಂಕಿ ಹಾಕ" ಎಂದಳು ಎಲ್ಸಿ. "ದಾನಕ್ಕೆ ಬಂದ ಎಮ್ಮೆ ಹಲ್ಲು ಎಣಿಸ್ಬೇಡ, ಬಾವ. ಆ ಕಡೆ ಹಿಡಿ."

ಮೊದಲ ದಿನ ಮಶೀನು ಗುರುಗುಟ್ಟಿ ನಿಂತಾಗ ಲ್ಯಾಂಡಿ ಬಾಗಿಲು ತೆಗೆದು ನೋಡಿದಳು. ತಟ್ಟೆಗಳು ಬಿಸಿಯಾಗಿದ್ದವು, ಸ್ವಚ್ಛವಾಗಿದ್ದವು. ಅವಳು ಒಂದು ತಟ್ಟೆಯನ್ನು ಕೆನ್ನೆಗೆ ಒತ್ತಿ ಹಿಡಿದಳು. ಅಮ್ಮ ಇದನ್ನು ನೋಡಬೇಕಿತ್ತು ಎಂಬುದೇ ಅವಳಿಗೆ ಬಂದ ಮೊದಲ ಯೋಚನೆ.

ಆ ಸುಖ ಹೆಚ್ಚು ದಿನ ಇರಲಿಲ್ಲ. ನಮ್ಮ ನೀರು ಯಾರನ್ನು ಬಿಟ್ಟಿದೆ, ಮಶೀನನ್ನು ಬಿಡಲು? ಲೋಟಗಳ ಮೇಲೆ ಬಿಳಿ ಪೊರೆ ಕಾಣಿಸಿತು. ಚಮಚಗಳು ಬೂದಿ ಬಳಿದ ಹಾಗೆ ಬಂದವು. ಒಳಗೆ ಗಿರಗಿರ ತಿರುಗಿ ನೀರು ಚಿಮ್ಮುವ ರೆಕ್ಕೆಯ ತೂತುಗಳು ಒಂದೊಂದಾಗಿ ಮುಚ್ಚಿಕೊಂಡವು. ತಳದ ಜಾಲರಿಯಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬಂದ ಬಿಳಿ ಮಡ್ಡಿ ಕೂತು ಕೆಸರಾಯಿತು. ಎಲ್ಸಿ ಮೆರಿದಾದಿಂದ ರಿಪೇರಿಯ ದೋನ್ ನಾಸಾರಿಯೋನನ್ನು ಕಳಿಸಿದಳು. ಆತ ಮಂಡಿಯೂರಿ ಕೂತು, ಟಾರ್ಚು ಬಿಟ್ಟು ನೋಡಿ, ಬಾಯಲ್ಲಿ ಚ್ ಚ್ ಎಂದ.

"ನೋಡೀಮ್ಮ, ಮಶೀನು ಚೆನ್ನಾಗಿದೆ. ನಿಮ್ಮ ನೀರು ಚೆನ್ನಾಗಿಲ್ಲ. ನೀರು ಬರೋ ಕೊಳವೆಗೆ ಜಾಲರಿ ಹಾಕಿ, ಮಡ್ಡಿ ತಡೀರಿ. ಒಳಗಿನ ಜಾಲರಿ ಆಗಾಗ ತೆಗೆದು ತೊಳೀರಿ. ಹುಳಿ ಹಾಕಿ ಖಾಲಿ ಓಡಿಸಿ, ಸುಣ್ಣ ಬಿಡುತ್ತೆ. ಮತ್ತೆ ಇಲ್ಲಿ, ಈ ಮುಚ್ಚಳದ ಕೆಳಗೆ, ಉಪ್ಪು ಹಾಕ್ಬೇಕು. ಇದೇ ಉಪ್ಪು ಗಡಸು ನೀರನ್ನ ಮೆದು ಮಾಡೋದು. ಇದಕ್ಕೇ ಅಂತ ಬರುತ್ತೆ, ಮೆರಿದಾದಲ್ಲಿ ಸಿಗುತ್ತೆ. ಬೇರೆ ಯಾವ ಉಪ್ಪೂ ಬೇಡ."

ಗಾಸ್ಪಾರ್ ಆ ಹೊತ್ತಿಗೆ ಸವಾರಿ ಮೇಲೆ ಹೋಗಿದ್ದ. ಸಂಜೆ ಲ್ಯಾಂಡಿ ಹೇಳಿದಾಗ ಅವನ ಕಿವಿಗೆ ಬಿದ್ದದ್ದು "ಉಪ್ಪು" ಎನ್ನುವುದಷ್ಟೇ.

ಅಂದಿನಿಂದ ಲ್ಯಾಂಡಿಗೆ ಹೊಸ ಊಳಿಗ ಶುರುವಾಯಿತು. ಹಳೆಯ ಪೆಟಿಕೋಟಿನ ಬಟ್ಟೆಯನ್ನು ಮಡಚಿ ಕೊಳವೆಯ ಬಾಯಿಗೆ ಕಟ್ಟಿದಳು. ಅದು ಮಡ್ಡಿ ತುಂಬಿ ಭಾರವಾದಾಗ ಬಿಚ್ಚಿ, ಕೊಡವಿ, ಬೇರೆ ಕಟ್ಟಿದಳು. ರೆಕ್ಕೆಯ ತೂತುಗಳನ್ನು ಸೂಜಿಯಿಂದ ಚುಚ್ಚಿ ಬಿಡಿಸಿದಳು. ಹಿತ್ತಿಲ ಹುಳಿಕಿತ್ತಳೆ ಹಿಂಡಿ, ಬೀಜ ಸೋಸಿ, ಮಶೀನಿನ ಹೊಟ್ಟೆಗೆ ಸುರಿದು ಖಾಲಿ ಓಡಿಸಿದಳು. ನಮ್ಮಲ್ಲಿ ಹುಳಿಕಿತ್ತಳೆಯಿಂದ ಆಗದ ಕೆಲಸವಿಲ್ಲ. ಮಾಂಸಕ್ಕೂ ಅದೇ, ಜ್ವರಕ್ಕೂ ಅದೇ, ಈಗ ಮಶೀನಿಗೂ. ಹುಳಿ ಬಿರುಕುಗಳಿಗೆ ತಾಗಿ ಅವಳ ಕೈ ಉರಿಯುತ್ತಿತ್ತು. ಬಿಳಿ ಪೊರೆ ಹೋಗದ ಲೋಟಗಳನ್ನು ಅರ್ಧ ಹಣ್ಣು ಹಿಡಿದು ಒಂದೊಂದೇ ಉಜ್ಜುತ್ತಿದ್ದಳು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

"ಅದು ಪಾತ್ರೆ ತೊಳೆಯುತ್ತೆ, ನೀನು ಅದನ್ನ ತೊಳೀತೀಯ" ಎಂದ ಗಾಸ್ಪಾರ್, ಜೋಲಿಯಲ್ಲಿ ಕಾಲು ಇಳಿಬಿಟ್ಟು ಕೂತು. "ನಮ್ಮತ್ತೆ ಪುಣ್ಯಾತಗಿತ್ತಿ. ಇಷ್ಟು ಸೇವೆ ಯಾವತ್ತೂ ಕೇಳ್ಲಿಲ್ಲ."

"ಕೇಳ್ಲಿಲ್ಲ, ಅದಕ್ಕೇ ಯಾರೂ ಮಾಡ್ಲಿಲ್ಲ."

"ಬಿಟ್ಟಾಕು ಮುದುಕಿ. ಗುಜರಿಗೆ ಕೊಡೋಣ."

"ಹಬ್ಬ ಕಳೀಲಿ. ಹಬ್ಬದ ತನಕ ಇದು ನಡೀಬೇಕು."

ಹಬ್ಬದ ಮಾತು ಬಂದಾಗ ಗಾಸ್ಪಾರ್ ತಮಾಷೆ ಬಿಡುತ್ತಿದ್ದ. ಅದು ನಮ್ಮ ಹಿರಿಯರ ಹಬ್ಬ, ಸತ್ತವರು ಮನೆಗೆ ಉಣ್ಣಲು ಬರುವ ದಿನಗಳು. ಚಿಕ್ಕಂದಿನಲ್ಲೇ ತೀರಿಹೋದವರು ಒಂದು ದಿನ ಮೊದಲು ಬರುತ್ತಾರೆ, ದೊಡ್ಡವರು ನವೆಂಬರ್ ಒಂದನೆಯ ತಾರೀಖು ಬೆಳಗಾಗುತ್ತಲೇ ಬರುತ್ತಾರೆ. ತೀರಿಕೊಂಡ ಮೊದಲ ವರ್ಷ ಅವರಿಗೆ ಹೊರಡಲು ಅಪ್ಪಣೆ ಸಿಗುವುದಿಲ್ಲ ಎನ್ನುತ್ತಾರೆ ನಮ್ಮ ಕಡೆ. ಹಾಗಾಗಿ ಬಾಸಿಲಿಯಾ ಬರುವುದು ಇದೇ ಮೊದಲ ಸಲ. ಇನ್ನೊಂದು ಮಾತೂ ಇದೆ. ಅವರು ಬರುವ ಹೊತ್ತಿಗೆ ಮನೆ ಗುಡಿಸಿರಬೇಕು, ಬಟ್ಟೆ ಒಗೆದಿರಬೇಕು, ಒಂದು ಎಂಜಲು ಪಾತ್ರೆಯೂ ಇರಕೂಡದು. ಇದ್ದರೆ, ಬಂದವರು ಎಡೆಯ ಮುಂದೆ ಕೂರದೆ ಆ ಕೆಲಸಕ್ಕೆ ನಿಲ್ಲುತ್ತಾರೆ. ಸಿಕ್ಕ ರಜೆಯೆಲ್ಲ ಅದರಲ್ಲೇ ಕಳೆದುಹೋಗುತ್ತದೆ.

ಬೇರೆಯವರ ಮನೆಯಲ್ಲಿ ಇದು ಮಕ್ಕಳನ್ನು ಕೆಲಸಕ್ಕೆ ಹಚ್ಚಲು ಹೇಳುವ ಮಾತು. ಲ್ಯಾಂಡಿಗೆ ಹಾಗಲ್ಲ. ಅವಳಿಗೆ ತನ್ನ ತಾಯಿ ಗೊತ್ತು. ಒಂದು ಎಣ್ಣೆಜಿಡ್ಡಿನ ಬಟ್ಟಲು ಕಣ್ಣಿಗೆ ಬಿದ್ದರೆ ಸಾಕು, ಬಾಸಿಲಿಯಾ ತೋಳು ಮಡಚಿ ತೊಟ್ಟಿಯ ಮುಂದೆ ನಿಲ್ಲುತ್ತಾಳೆ. ಬದುಕಿರುವಾಗ ಕೂರಿಸಲು ಆಗಲಿಲ್ಲ, ಈಗಾದರೂ ಕೂರಿಸಬೇಕು. ಒಂದು ಕುರ್ಚಿ, ಒಂದು ಊಟ, ಕೈಗೆ ಕೆಲಸವಿಲ್ಲ. ಅಷ್ಟೇ ಅವಳ ಆಸೆ. ಅದಕ್ಕಾಗಿಯೇ ಅವಳು ಆ ಮಶೀನಿನ ಸುಣ್ಣ ಕೆರೆಯುತ್ತ ವರ್ಷ ತಳ್ಳಿದಳು.

ಹಬ್ಬದ ಹಿಂದಿನ ದಿನ ಎಲ್ಸಿ ಬೆಳಗ್ಗೆಯೇ ಬಂದಳು. ಮರುದಿನದ ಎಡೆಗೆ ಪೀಬ್ ಆಗಬೇಕಿತ್ತು. ಜೋಳದ ಹಿಟ್ಟಿನ ದಪ್ಪ ರೊಟ್ಟಿಯೊಳಗೆ ಕೋಳಿ ತುಂಬಿ, ಬಾಳೆಲೆಯಲ್ಲಿ ಸುತ್ತಿ, ಹಿತ್ತಿಲ ಗುಂಡಿಯ ಕೆಂಡದಲ್ಲಿ ಹೂತು ಬೇಯಿಸುವ ಅಡುಗೆ ಅದು. ಬಾಯಿಗೆ ಎಷ್ಟು ರುಚಿಯೋ ಪಾತ್ರೆಗೆ ಅಷ್ಟು ಶತ್ರು. ಕೋಳಿ ಬೇಯಿಸಿದ ತಪ್ಪಲೆ, ಹಂದಿ ಕೊಬ್ಬು ಕಾಯಿಸಿದ ಬಾಣಲೆ, ಅಚಿಯೋತೆಯ ಕೆಂಪು ಬೀಜದ ಮಸಾಲೆ ಅರೆದ ಬಟ್ಟಲುಗಳು, ಹಿಟ್ಟು ಅಂಟಿದ ಬೋಗುಣಿ, ಎಲ್ಲ ಸೇರಿ ಮಧ್ಯಾಹ್ನದ ಹೊತ್ತಿಗೆ ಗುಡ್ಡೆಯಾಯಿತು. ಒಂದು ಭಾಗ ಮಶೀನಿಗೆ ಹಾಕಿ, ಗುಂಡಿ ಒತ್ತಿ, ಮೂವರೂ ಹಿತ್ತಿಲಿಗೆ ಹೋದರು. ಗಾಸ್ಪಾರ್ ಗುಂಡಿಯಲ್ಲಿ ಬೆಂಕಿ ಮಾಡುತ್ತಿದ್ದ. ಅಕ್ಕತಂಗಿಯರು ಪೀಬ್ ಸುತ್ತುತ್ತ, ಸತ್ತವರ ಬಗ್ಗೆ ಒಳ್ಳೆಯದನ್ನೂ ಬದುಕಿದವರ ಬಗ್ಗೆ ಉಳಿದದ್ದನ್ನೂ ಮಾತಾಡಿಕೊಂಡರು.

ಕೆಂಡದ ಮೇಲೆ ಮಣ್ಣು ಮುಚ್ಚಿ ಒಳಗೆ ಬಂದಾಗ ಅಡುಗೆಮನೆಯ ನೆಲ ಒದ್ದೆಯಾಗಿತ್ತು. ಮಶೀನು ಇನ್ನೂ ಗುರುಗುಟ್ಟುತ್ತಿತ್ತು. ಅದು ಎಂದೋ ನಿಲ್ಲಬೇಕಿತ್ತು. ಲ್ಯಾಂಡಿ ಬಾಗಿಲು ತೆಗೆದಳು. ಒಳಗೆ ಬಿಳಿ ಕೆಸರು ನೀರು. ತಟ್ಟೆಗಳು ಹಾಕುವಾಗ ಹೇಗಿದ್ದವೋ ಹಾಗೇ, ಮೇಲೆ ಸುಣ್ಣದ ಲೇಪ ಬೇರೆ. ನೀರು ಸಾಕು ಎಂದು ಮಶೀನಿಗೆ ತಿಳಿಸುವ ಒಂದು ಸಣ್ಣ ತೇಲುಬುಂಡೆ ಇರುತ್ತದೆ. ಅದು ಉಪ್ಪಿನ ರಾಡಿಯಲ್ಲಿ, ಸುಣ್ಣದಲ್ಲಿ ಹೂತು ಕಲ್ಲಾಗಿತ್ತು. ಮಶೀನು ಮಧ್ಯಾಹ್ನವೆಲ್ಲ ನೀರು ಎಳೆದುಕೊಂಡಿದೆ, ಚರಂಡಿಗೆ ಸುರಿದಿದೆ, ಮತ್ತೆ ಎಳೆದುಕೊಂಡಿದೆ.

ಎಲ್ಸಿ ತೊಟ್ಟಿಯ ಕೊಳಾಯಿ ತಿರುಗಿಸಿದಳು. ಅದು ಕೆಮ್ಮಿ ಸುಮ್ಮನಾಯಿತು. ಮಾಳಿಗೆಯ ಟ್ಯಾಂಕು ಬರಿದು. ಹಬ್ಬದ ಮುನ್ನಾದಿನ ಊರಿಗೆ ಊರೇ ತೊಳೆಯಲು ನಿಂತಿರುತ್ತದೆ, ಬೀದಿಯ ಕೊಳವೆಯಲ್ಲಿ ಹನಿ ಇರಲಿಲ್ಲ. ಬೆಳಗಿನ ತನಕ ಬರುವ ಹಾಗೂ ಇರಲಿಲ್ಲ. ಮನೆಯಲ್ಲಿ ಉಳಿದದ್ದು ಕೊಂಡುತಂದ ಕುಡಿಯುವ ನೀರಿನ ಒಂದು ಕ್ಯಾನು, ಎಡೆಯ ಲೋಟಕ್ಕೆಂದು ಬೆಳಗ್ಗೆ ಹಿಡಿದಿಟ್ಟ ಸಣ್ಣ ಬಕೆಟ್ಟು, ಅಷ್ಟೇ.

ಲ್ಯಾಂಡಿ ಉಪ್ಪಿನ ಮುಚ್ಚಳ ತಿರುಗಿಸಿ ಬೆರಳು ಹಾಕಿದಳು. ಬೂದು ಬಣ್ಣದ ಕೆಸರು ಬಂತು, ಅದರಲ್ಲಿ ಮರಳು, ಒಂದು ಸಣ್ಣ ಕಪ್ಪೆಚಿಪ್ಪಿನ ಚೂರು. ಅವಳು ಅದನ್ನು ಅಂಗೈಯಲ್ಲಿ ಹಿಡಿದು ಗಂಡನ ಕಡೆ ನೋಡಿದಳು.

ಗಾಸ್ಪಾರ್ ಟೋಪಿ ತೆಗೆದ. ಅವನು ಸೆಲೆಸ್ತೂನ್ ಕಡಲತೀರದವನು. ಅವನ ಅಪ್ಪ ಬದುಕಿದ್ದಷ್ಟು ಕಾಲ ಅಲ್ಲಿನ ಉಪ್ಪಿನ ಹೊಂಡಗಳಲ್ಲಿ ಸೊಂಟದ ತನಕ ನಿಂತು ಉಪ್ಪು ತೆಗೆದಿದ್ದ.

"ನಾನೇ ಹಾಕಿದ್ದು" ಎಂದ. "ಆ ಅಂಗಡಿ ಉಪ್ಪು ಮುಗಿದಿತ್ತು. ನೀನು ಬಿಸಿಲಲ್ಲಿ ಮೆರಿದಾ ತನಕ ಬಸ್ಸಿಗೆ ಹೋಗೋದು ನೋಡೋಕಾಗ್ಲಿಲ್ಲ. ಅಣ್ಣ ಊರಿಂದ ಒಂದು ಚೀಲ ಕಳಿಸಿದ್ದ. ಅಪ್ಪನ ಹೊಂಡದ ಉಪ್ಪು. ಅದಕ್ಕಿಂತ ಒಳ್ಳೆ ಉಪ್ಪು ಎಲ್ಲಿದೆ ಹೇಳು? ನೀನು ಮಲಗಿದ್ದಾಗ ಹಾಕ್ತಿದ್ದೆ."

"ಹಾಕ್ತಿದ್ದೆ ಅಂದ್ರೆ?" ಎಂದಳು ಎಲ್ಸಿ. "ಎಷ್ಟು ಸಲ?"

"ತುಂಬಿ ತುಂಬಿ ಹಾಕ್ತಿದ್ದೆ."

"ಉಪ್ಪು ತಿಂದ ಮೇಲೆ ನೀರು ಕುಡೀಲೇಬೇಕಲ್ಲ. ಕುಡೀತು ನೋಡು, ಟ್ಯಾಂಕು ಪೂರ್ತಿ!" ಎಲ್ಸಿಗೆ ಸಿಟ್ಟು, ಅದರ ಒಳಗೆ ನಗು, ನಗಲು ಧೈರ್ಯವಿಲ್ಲ. "ನೀವು ಸೆಲೆಸ್ತೂನಿನವರು ದೇವರಿಗೂ ಉಪ್ಪು ಕಮ್ಮಿ ಅಂತ ಹೇಳ್ತೀರ, ಬಾವ."

ಗಾಸ್ಪಾರ್ ಬೈಗುಳಕ್ಕೆ ಕಾದು ನಿಂತ. ಲ್ಯಾಂಡಿ ಬೈಯಲಿಲ್ಲ. ಬೈಯುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ವರ್ಷವಿಡೀ ಕಟ್ಟಿದ ಬಟ್ಟೆ, ಚುಚ್ಚಿದ ಸೂಜಿ, ಹಿಂಡಿದ ಹಣ್ಣು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಅವಳಿಗೆ ಸಾಕಾಗಿತ್ತು. ಮಶೀನಿನ ಮೇಲೂ ಸಿಟ್ಟಿಲ್ಲ, ಗಂಡನ ಮೇಲೂ ಇಲ್ಲ. ಅಂಗೈಯ ಕೆಸರನ್ನು ಲಂಗಕ್ಕೆ ಒರೆಸಿಕೊಂಡು, ಅವಳು ಕುಡಿಯುವ ನೀರಿನ ಕ್ಯಾನನ್ನು ತೊಟ್ಟಿಯ ಹತ್ತಿರ ಎಳೆಯತೊಡಗಿದಳು.

"ಏನ್ ಮಾಡ್ತಿದೀಯ ಅಕ್ಕ?"

"ತೊಳೀತೀನಿ."

"ಆ ನೀರಲ್ಲಿ ಎರಡು ತಪ್ಪಲೆ ಆಗುತ್ತೆ. ಇಲ್ಲಿ ರಾಶಿ ಇದೆ."

"ಎರಡಾದ್ರೂ ಆಗ್ಲಿ. ಬೆಳಗಾದ್ರೆ ಅಮ್ಮ ಬರ್ತಾಳೆ."

ಅವಳು ಆಗಲೇ ಕತ್ತಾಳೆ ನಾರಿನ ಉಂಡೆ ಕೈಗೆತ್ತಿಕೊಂಡು ಕೊಬ್ಬಿನ ಬಾಣಲೆಗೆ ಸಾಬೂನು ಹಾಕಿದ್ದಳು. ಎರಡು ಸಲ ತಿಕ್ಕಿದ್ದೇ ಬೆರಳ ಸಂದಿನ ಬಿರುಕು ತೆರೆದುಕೊಂಡು ನೊರೆ ನಸುಗೆಂಪಾಯಿತು. ಎಲ್ಸಿ ಬಂದು ಅವಳ ಮಣಿಕಟ್ಟು ಹಿಡಿದಳು. ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ.

"ಅಕ್ಕ. ಅಮ್ಮ ಬಂದು ಮೊದಲು ನೋಡೋದು ಪಾತ್ರೇನಾ, ನಿನ್ನ ಕೈನಾ?"

ಲ್ಯಾಂಡಿಯ ಬಲಗೈ ಇನ್ನೂ ತಂಗಿಯ ಹಿಡಿತದಲ್ಲೇ ಗುಂಡಗೆ ತಿರುಗಲು ನೋಡುತ್ತಿತ್ತು. ಅವಳು ಅದನ್ನು ಕಂಡಳು. ಎಲ್ಸಿಯೂ ಕಂಡಳು. ಜೋಲಿಯಲ್ಲಿ ಮಲಗಿದ್ದ ಅಮ್ಮನ ಕೈ ಇಬ್ಬರಿಗೂ ನೆನಪಿತ್ತು. ಲ್ಯಾಂಡಿ ನಾರಿನ ಉಂಡೆಯನ್ನು ಕೆಳಗೆ ಹಾಕಿ, ತೊಟ್ಟಿಗೆ ಒರಗಿ ನಿಂತು ಅತ್ತಳು. ಜೋರಾಗಿ ಅಲ್ಲ, ದಣಿದವರು ಅಳುವ ಹಾಗೆ, ಬಾಯಿ ತೆರೆಯದೆ.

"ನಾನು ತೊಳೀತೀನಿ" ಎಂದ ಗಾಸ್ಪಾರ್.

"ಯಾವ ನೀರಲ್ಲಿ ಬಾವ?"

"ಪಕ್ಕದ ಮನೇಲಿ ಕೇಳ್ತೀನಿ."

"ಅವರಿಗೂ ಹಿರಿಯರಿದಾರೆ. ಅವರ ಪಾತ್ರೆನೂ ಹೀಗೇ ಬಿದ್ದಿದೆ, ಈಗಷ್ಟೇ ನೋಡಿದೆ" ಎಂದಳು ಎಲ್ಸಿ.

ಆ ರಾಶಿಯನ್ನು ಎಲ್ಲಿ ಅಡಗಿಸುವುದೆಂದು ಮೂವರೂ ಲೆಕ್ಕ ಹಾಕಿದರು. ಬಟ್ಟೆ ಮುಚ್ಚಿದರೆ ಅಮ್ಮ ಎತ್ತಿ ನೋಡುತ್ತಾಳೆ. ಹಿತ್ತಿಲಲ್ಲಿಟ್ಟರೆ ಮೊದಲು ಹೋಗುವುದು ಹಿತ್ತಿಲಿಗೇ, ಅವಳು ಯಾರ ಮನೆಗೂ ಮುಂಬಾಗಿಲಿನಿಂದ ಬಂದವಳಲ್ಲ. ಲ್ಯಾಂಡಿ ಕಣ್ಣೊರೆಸಿಕೊಂಡು ಮೂಲೆಯ ಕಡೆ ತಿರುಗಿದಳು. ಮಶೀನು ಬಾಗಿಲು ತೆರೆದುಕೊಂಡು ನಿಂತಿತ್ತು.

"ಎಲ್ಸಿ, ಅಮ್ಮ ಇದನ್ನ ನೋಡಿದಾಳಾ?"

"ಎಲ್ಲಿ ನೋಡಿದಾಳೆ? ಅವಳು ಹೋದ ಮೇಲಲ್ವಾ ನಾನು ತಂದಿದ್ದು."

"ಬಾಗಿಲು ತೆಗೆಯೋಕೆ ಬರುತ್ತಾ ಅವಳಿಗೆ?"

ಎಲ್ಸಿ ಅಕ್ಕನ ಮುಖ ನೋಡಿದಳು. "ಫ್ರಿಜ್ಜಿನ ಬಾಗಿಲು ತೆಗೆಯೋಕೇ ಹೆದರ್ತಿದ್ಲು. ಕರೆಂಟು ಹೊಡೆಯುತ್ತೆ ಅಂತ."

ಅಷ್ಟು ಸಾಕಾಯಿತು. ಮೂವರೂ ಸೇರಿ ಮಶೀನಿನ ಹೊಟ್ಟೆಯಿಂದ ಕೆಸರು ನೀರು ಬಳಿದು ಚೆಲ್ಲಿದರು. ಮತ್ತೆ ಎಲ್ಲವನ್ನೂ ಅದರೊಳಗೆ ತುರುಕತೊಡಗಿದರು. ಬಟ್ಟಲು, ಬಾಣಲೆ, ಬೋಗುಣಿ, ಹಿಟ್ಟು ಮೆತ್ತಿದ ಸೌಟುಗಳು. ದೊಡ್ಡ ತಪ್ಪಲೆ ಹಿಡಿಸಲಿಲ್ಲ. ಗಾಸ್ಪಾರ್ ಒಳಗಿನ ತಂತಿ ಬುಟ್ಟಿಯನ್ನೇ ಕಿತ್ತು ಆಚೆಗೆಸೆದು ಹಿಡಿಸಿದ. ಕೊನೆಗೆ ಲ್ಯಾಂಡಿ ಸಾಬೂನಿನ ತುಂಡು, ಕತ್ತಾಳೆ ನಾರಿನ ಉಂಡೆ ಎರಡನ್ನೂ ಒಳಗೆ ಹಾಕಿದಳು. ಮೊಣಕಾಲು ಒತ್ತಿ ಬಾಗಿಲು ಮುಚ್ಚಿದಳು. ಕಟಕ್ ಎಂದಿತು.

"ಏ ಮುದುಕಿ" ಎಂದ ಗಾಸ್ಪಾರ್ ಮೆಲ್ಲಗೆ, "ಇದು ಹಿರಿಯರಿಗೆ ಮೋಸ ಮಾಡಿದಂಗಲ್ವಾ?"

"ಹೂಂ. ಮೋಸಾನೇ. ಬದುಕಿದ್ದಾಗ ಅವಳಿಗೆ ಊರೆಲ್ಲ ಮೋಸ ಮಾಡ್ತು. ನನ್ನದೊಂದು ಇರ್ಲಿ."

ಆಮೇಲೆ ಎಡೆಯ ಮೇಜಿಗೆ ಕಸೂತಿಯ ಬಿಳಿ ಬಟ್ಟೆ ಹಾಸಿದರು. ಹಳದಿ ಹೂ, ಮೇಣದ ಬತ್ತಿ, ಬಾಸಿಲಿಯಾಳ ಒಂದೇ ಒಂದು ಫೋಟೋ. ಅದೂ ಯಾರದೋ ಮದುವೆಯದು, ಅವಳು ಹಿಂದೆ ಅರ್ಧ ಮಾತ್ರ ಕಾಣುತ್ತಾಳೆ. ಲೋಟಕ್ಕೆ ಬಕೆಟ್ಟಿನ ನೀರನ್ನೇ ತುಂಬಿದರು. ಕ್ಯಾನಿನ ನೀರಿಗೆ ರುಚಿ ಇಲ್ಲವೆಂದು ಅವಳು ಉಗಿಯುತ್ತಿದ್ದಳು. ಮೇಜಿನ ಮುಂದೆ ಮನೆಯಲ್ಲಿದ್ದ ಒಳ್ಳೆಯ ಕುರ್ಚಿ ಇಟ್ಟರು. ಇಷ್ಟಾಗುವಷ್ಟರಲ್ಲಿ ಕತ್ತಲಾಗಿತ್ತು. ಲ್ಯಾಂಡಿ ಜೋಲಿಗೆ ಬಿದ್ದವಳು ಮುಲಾಮು ಹಚ್ಚಿಕೊಳ್ಳುವ ಮೊದಲೇ ನಿದ್ದೆಹೋದಳು. ಗಾಸ್ಪಾರ್ ಅವಳ ಬೆರಳುಗಳಿಗೆ ಹಚ್ಚಿದ. ಅದು ಅವಳಿಗೆ ತಿಳಿಯಲಿಲ್ಲ.

ಹಬ್ಬದ ದಿನ ಪೀಬನ್ನು ಬಾಳೆಲೆಯ ಮೇಲೇ ಎಡೆಯಿಟ್ಟರು, ಅವರೂ ಬಾಳೆಲೆಯಲ್ಲೇ ಉಂಡರು. ನೀರು ಬೆಳಗ್ಗೆಯೇ ಬಂದಿತ್ತು. ಆದರೆ ಮಶೀನಿನ ಬಾಗಿಲು ಮುಟ್ಟಲು ಲ್ಯಾಂಡಿ ಯಾರನ್ನೂ ಬಿಡಲಿಲ್ಲ. ಹೇಗೆ ತೆಗೆಯುವುದೆಂದು ಅಮ್ಮ ನೋಡಿ ಕಲಿತುಬಿಟ್ಟರೆ? ಅಡುಗೆಮನೆಗೆ ಹೋದರೂ ಆ ಮೂಲೆಯ ಕಡೆ ಬೆನ್ನು ಹಾಕಿ ಓಡಾಡಿದಳು. ಸೆಕೆಗೆ ವಾಸನೆ ಏಳತೊಡಗಿತು. ಎಲ್ಸಿ ಧೂಪ ಹೆಚ್ಚು ಹಾಕಿದಳು.

ಮರುದಿನ ಸಂಜೆ, ಪೂಜೆ ಮುಗಿದು ಹಿರಿಯರನ್ನು ಕಳುಹಿಸಿಕೊಟ್ಟ ಮೇಲೆ, ಲ್ಯಾಂಡಿ ಎಡೆಯ ಲೋಟ ಎತ್ತಿ ಬೆಳಕಿಗೆ ಹಿಡಿದಳು. ನೀರು ತುಸು ಇಳಿದಿತ್ತು. ಮೊದಲು ಇದ್ದ ಮಟ್ಟದಲ್ಲಿ ಸುತ್ತಲೂ ಬಿಳಿ ಸುಣ್ಣದ ಗೆರೆ ಕೂತಿತ್ತು. ವರ್ಷವೆಲ್ಲ ಅವಳು ಉಜ್ಜಿ ಉಜ್ಜಿ ಅಳಿಸಿದ ಗೆರೆ ಅದೇ.

"ಕುಡಿದಿದಾಳೆ" ಎಂದಳು ಎಲ್ಸಿ.

"ಕುಡಿದಿದಾಳೆ, ಸರಿ. ಕೂತು ಕುಡಿದ್ಲೋ ನಿಂತು ಕುಡಿದ್ಲೋ?"

ಅದನ್ನು ಯಾವ ಲೋಟ ಹೇಳುತ್ತದೆ? ಲ್ಯಾಂಡಿ ಲೋಟವನ್ನು ಕೆಳಗಿಟ್ಟು ಅಡುಗೆಮನೆಗೆ ನಡೆದಳು. ಮಶೀನಿನ ಬಾಗಿಲು ಎಳೆದಳು. ಹಳಸಿದ ಕೊಬ್ಬಿನ, ಹುಳಿತ ಹಿಟ್ಟಿನ ವಾಸನೆ ಮುಖಕ್ಕೆ ರಾಚಿತು. ಹಿಂದೆ ನಿಂತಿದ್ದ ಎಲ್ಸಿ ಮೂಗು ಮುಚ್ಚಿಕೊಂಡು ಹೊರಗೋಡಿದಳು. ಬಟ್ಟಲುಗಳಲ್ಲಿ ಅಚಿಯೋತೆ ಒಣಗಿ ಕಪ್ಪಾಗಿತ್ತು. ಬಾಣಲೆಯ ಕೊಬ್ಬು ಹೆಪ್ಪುಗಟ್ಟಿತ್ತು. ಬೋಗುಣಿಯ ಹಿಟ್ಟಿನ ಮೇಲೆ ಬೂಸ್ಟು ಬಂದಿತ್ತು. ನಾರಿನ ಉಂಡೆ ಇಟ್ಟಲ್ಲೇ ಇತ್ತು, ಒಣಗಿ. ಸಾಬೂನು ಒಣಗಿ.

ಲ್ಯಾಂಡಿ ಒಂದೊಂದನ್ನೂ ಮುಟ್ಟಿ ನೋಡಿದಳು. ಬಟ್ಟಲು ಮುಟ್ಟಿದಳು, ಸೌಟು ಮುಟ್ಟಿದಳು, ತಪ್ಪಲೆಯೊಳಗೆ ಕೈಯಿಟ್ಟು ಜಿಡ್ಡನ್ನು ಬೆರಳಿಗೆ ಹತ್ತಿಸಿಕೊಂಡಳು.

"ಗಾಸ್ಪಾರ್! ಎಲ್ಸಿ! ಬನ್ನಿ ಇಲ್ಲಿ, ನೋಡಿ ಬನ್ನಿ!" ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ತೊಳೆದಿಲ್ಲ ಕಣ್ರೋ! ಅಮ್ಮ ಒಂದೂ ತೊಳೆದಿಲ್ಲ!"

ಅವಳು ಆ ಹೊಲಸು ತಪ್ಪಲೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಗಾಸ್ಪಾರ್ ಬಂದು ಅದನ್ನು ತೆಗೆದುಕೊಳ್ಳಲು ಕೈಚಾಚಿದ. ಕೊಡಲಿಲ್ಲ. "ಇರು, ಒಂದು ಗಳಿಗೆ" ಎಂದಳು. ಅವನು ತೋಳು ಮಡಚಿ, ಉಳಿದ ಪಾತ್ರೆಗಳನ್ನು ಎತ್ತಿಕೊಂಡು ತೊಟ್ಟಿಯ ಕಡೆ ಹೋದ. ಎಲ್ಸಿ ಕೊಳಾಯಿ ತಿರುಗಿಸಿದಳು. ಲ್ಯಾಂಡಿ ಕೂತೇ ಇದ್ದಳು.